ಕೈಲಾಗದವರ ಪಾಲು

ಅಥವಾ ಲೋಟ ಮೊದಲು ಬೀಳಲಿಲ್ಲವೇನೋ. ಇಷ್ಟು ವರ್ಷ ಎಲ್ಲರಿಗೂ ಹಾಗೇ ಹೇಳಿಕೊಂಡು ಬಂದಿದ್ದೇನೆ. ಶಿರಾಲಿಯ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಚಾ ಕುಡಿಯುತ್ತಿದ್ದೆ, ಬಲಗೈಯಿಂದ ಲೋಟ ಜಾರಿತು, ಎತ್ತಿಕೊಳ್ಳಲು ಬಗ್ಗಿದೆ, ಏಳಲಾಗಲಿಲ್ಲ. ಒಂದರ ಹಿಂದೆ ಒಂದು, ಎಷ್ಟು ಚೆಂದದ ಕ್ರಮ. ಆದರೆ ಆ ದಿನ ನನ್ನ ಪಕ್ಕದಲ್ಲಿ ಕೂತಿದ್ದ ಡ್ರಾಯಿಂಗ್ ಮಾಸ್ತರರ ಪ್ರಕಾರ ನನ್ನ ಕೈಯಲ್ಲಿ ಲೋಟವೇ ಇರಲಿಲ್ಲ. ಪರೀಕ್ಷೆಯ ವಿಷಯ ಮಾತಾಡುತ್ತಿದ್ದವನು ಒಂದೇ ಶಬ್ದವನ್ನು ಮತ್ತೆ ಮತ್ತೆ ಹೇಳತೊಡಗಿದೆನಂತೆ. ಅವರು ತಮಾಷೆ ಎಂದುಕೊಂಡು ನಕ್ಕರಂತೆ. ಯಾವ ಶಬ್ದ ಎಂದು ಕೇಳಿದರೆ ಅವರಿಗೂ ನೆನಪಿಲ್ಲ. ಹಾಗಾದರೆ ಆ ಲೋಟ ಎಲ್ಲಿಂದ ಬಂತು? ಆಮೇಲೆ ಆಸ್ಪತ್ರೆಯಲ್ಲಿ ಬಿದ್ದ ಎಷ್ಟೋ ಲೋಟಗಳಲ್ಲಿ ಒಂದನ್ನು ನೆನಪೇ ತಂದು ಅಲ್ಲಿಟ್ಟಿರಬೇಕು. ರಕ್ತ ನಿಂತುಹೋದ ಮಿದುಳೇ ರಕ್ತ ನಿಂತ ದಿನದ ವರದಿ ಕೊಡುತ್ತದೆ. ಆರೋಪಿಯೇ ಸಾಕ್ಷಿಯಾದ ಇಂಥ ಮೊಕದ್ದಮೆಯಲ್ಲಿ ನಾನು ಯಾರನ್ನು ನಂಬಲಿ?

ಸಿಟ್ಟನ್ನು ಮಾತ್ರ ನಂಬುತ್ತೇನೆ. ಅದು ಇದ್ದ ಹಾಗೇ ಇದೆ.

ಕೊಂಕಣ ರೈಲು ಬಂದು ಕೆಲವೇ ವರ್ಷಗಳಾಗಿದ್ದವು. ನನಗೆ ಐವತ್ತಾಗಿರಲಿಲ್ಲ. ಭಟ್ಕಳದಲ್ಲಿ ಒಂದು ಇಂಜೆಕ್ಷನ್ ಕೊಟ್ಟು, ಇಲ್ಲಿ ಆಗುವುದಿಲ್ಲ ಎಂದು ದಕ್ಷಿಣದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಬಲಗೈ, ಬಲಗಾಲು ನನ್ನವಲ್ಲ ಎನ್ನುವಂತಾಗಿದ್ದವು. ಮಾತು ಬಾಯೊಳಗೇ ಮುದ್ದೆಯಾಗುತ್ತಿತ್ತು. ಕುತ್ತಿಗೆಯ ಎಡಬದಿಯ ರಕ್ತನಾಳದಲ್ಲಿ ಜಿಡ್ಡು ಕಟ್ಟಿದೆ, ನಾಳ ಬಿರುಸಾಗಿದೆ ಎಂದು ಅಲ್ಲಿಯ ಡಾಕ್ಟರು ತಿಳಿಸಿದರು. ನನಗಲ್ಲ, ನನ್ನ ಹೆಂಡತಿ ಸುಮಿತ್ರೆಗೆ. ನಾನು ಅವರ ಎದುರು ಗಾಲಿಕುರ್ಚಿಯಲ್ಲೇ ಕೂತಿದ್ದೆ.

"ಇವರು ಸಿಗರೇಟು ಸೇದ್ತಾರಾ?"

"ಇಲ್ಲ," ಎಂದಳು ಸುಮಿತ್ರೆ.

"ಉಪ್ಪು, ಒಣಮೀನು ಜಾಸ್ತಿಯಾ?"

"ಸ್ವಲ್ಪ ಜಾಸ್ತಿಯೇ."

"ಸಿಟ್ಟು?"

ಅವಳು ನನ್ನ ಮುಖ ನೋಡಿದಳು. "ಮೊದಲು ಇರ್ಲಿಲ್ಲ. ಈಗ ಬರ್ತಾ ಅದೆ ನೋಡಿ."

ಡಾಕ್ಟರು ಆಗಲೂ ನನ್ನ ಕಡೆ ನೋಡಲಿಲ್ಲ. ಮಾತು ಹೋದವನಿಗೆ ಕಿವಿಯೂ ಹೋಗಿರುತ್ತದೆ, ಅದರ ಜೊತೆ ಬುದ್ಧಿಯೂ ಹೋಗಿರುತ್ತದೆ ಎಂದು ಜನ ಅಂದುಕೊಳ್ಳುತ್ತಾರೆ. ನೆಂಟರು ಬಂದವರು ನನ್ನ ಹಾಸಿಗೆಯ ಮೇಲೇ ಕೂತು, "ಊಟ ಮಾಡ್ತಾನಾ? ಗುರ್ತು ಹತ್ತತದಾ?" ಎಂದು ಸುಮಿತ್ರೆಯನ್ನು ಕೇಳಿ ಎದ್ದು ಹೋಗುತ್ತಿದ್ದರು. ಇಪ್ಪತ್ತು ವರ್ಷ ಕನ್ನಡ ಕಲಿಸಿದವನ ಎದುರಿಗೆ.

ಊರಿಗೆ ಮರಳಿದ ಮೇಲೆ ಹದಿನೈದು ದಿನಕ್ಕೊಮ್ಮೆ ಹೊನ್ನಾವರದ ಒಂದು ದವಾಖಾನೆಗೆ ಹೋಗಬೇಕಿತ್ತು. ಅಲ್ಲಿಯ ಡಾಕ್ಟರು ಒಳ್ಳೆಯವರು, ಆದ್ದರಿಂದ ಸದಾ ತಡ. ಹೊರಗೆ ಒಂದು ಉದ್ದನೆಯ ಬೆಂಚು. ಬೆಂಚಿನ ಮೇಲಿದ್ದವರಿಗೆಲ್ಲ ನನ್ನ ವಾಕ್ಯಗಳನ್ನು ಮುಗಿಸುವ ಚಪಲ. ನಾನು "ನೀ..." ಎಂದರೆ ಒಬ್ಬರು "ನೀರಾ?" ಎನ್ನುತ್ತಿದ್ದರು, ಮತ್ತೊಬ್ಬರು ನೀರನ್ನೇ ತರಲು ಏಳುತ್ತಿದ್ದರು. ನಾನು ಕೇಳಬೇಕೆಂದಿದ್ದುದು "ನೀವು ಯಾವೂರು" ಎಂದು. ಬೇಡದ ನೀರನ್ನು ಎಷ್ಟು ಕುಡಿದಿದ್ದೇನೋ.

ಭಟ್ಕಳದ ಒಬ್ಬ ಹಿರಿಯರು, ಬಟ್ಟೆ ಅಂಗಡಿಯವರು, ಮಾತ್ರ ಹಾಗೆ ಮಾಡುತ್ತಿರಲಿಲ್ಲ. ಅವರಿಗೂ ನನ್ನದೇ ಕಾಯಿಲೆಯಾಗಿ ಎರಡು ವರ್ಷವಾಗಿತ್ತು. ನಾನು ಒಂದು ಮಾತು ಶುರು ಮಾಡಿದರೆ ಕೈಯಲ್ಲಿ ಟೊಪ್ಪಿ ಹಿಡಿದು, ನೆಲ ನೋಡುತ್ತಾ, ಅದು ಮುಗಿಯುವವರೆಗೆ ಸುಮ್ಮನೆ ಕಾಯುತ್ತಿದ್ದರು. ಮುಗಿದ ಮೇಲೆ ಉತ್ತರ ಕೊಡುತ್ತಿದ್ದರು. ಒಮ್ಮೆ ಅವರ ಸರದಿ ಬಂದು ಹೆಸರು ಕರೆದಾಗಲೂ ಏಳಲಿಲ್ಲ. "ಮಾಸ್ಟರ್ ಮಾತು ಆಗ್ಲಿ, ಆಮೇಲೆ ಬರ್ತೇನೆ," ಎಂದರು. ಆ ಕಾಲದ ಔಷಧಗಳ ಪೈಕಿ ನನಗೆ ಹೆಸರು ನೆನಪಿರುವುದು ಇದೊಂದೇ. ಆದರೆ ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರು ಬೈದಾರು.

ಹೊನ್ನಾವರದ ಡಾಕ್ಟರು ರಕ್ತದೊತ್ತಡ ನೋಡಿ ಪ್ರತಿಸಲವೂ ಒಂದೇ ಮಾತು ಹೇಳುತ್ತಿದ್ದರು: "ವ್ಯಾಯಾಮ ಬೇಕು ಮಾಸ್ತರ್ರೆ. ನಾಳ ಮೆತ್ತಗಿರ್ಬೇಕು ಅಂದ್ರೆ ರಕ್ತ ಜೋರಾಗಿ ಓಡ್ಬೇಕು. ಆದ್ರೆ ಆಯಾಸ ಮಾಡ್ಕೊಳ್ಬೇಡಿ."

"ಎ... ಎಷ್ಟು?" ಎಂದೆ ನಾನು.

"ಮೈ ಬೆವರ್ಬೇಕು, ಸುಸ್ತಾಗ್ಬಾರ್ದು."

"ಎಷ್ಟು?"

ಅವರು ಪೆನ್ನು ಕೆಳಗಿಟ್ಟು ಯೋಚಿಸಿದರು. "ನೋಡಿ, ನಡೀತಾ ಮಾತಾಡೋಕೆ ಬರ್ಬೇಕು. ಹಾಡೋಕೆ ಬರ್ಬಾರ್ದು. ಅಷ್ಟು ಜೋರಾಗಿ ನಡೀರಿ."

ಸುಮಿತ್ರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ತನ್ನ ಹೆಸರನ್ನು ಒಂದೇ ಉಸಿರಿಗೆ ಹೇಳಲಾಗದವನಿಗೆ ಕೊಟ್ಟ ಅಳತೆಗೋಲು ಇದು. ಆ ಲೆಕ್ಕದಲ್ಲಿ ನನಗೆ ಕುರ್ಚಿಯಲ್ಲಿ ಕೂರುವುದೇ ಅತಿ ಕಠಿಣ ವ್ಯಾಯಾಮ. ದಕ್ಷಿಣದ ಡಾಕ್ಟರು ಒತ್ತಡ ಏರುವ ಯಾವ ಕೆಲಸವೂ ಬೇಡ ಎಂದಿದ್ದರು. ವ್ಯಾಯಾಮ ಕಲಿಸುತ್ತಿದ್ದವರು, ಮಂಚದ ಮೇಲೆ ಕೂತು ಚೆಂಡು ಹಿಸುಕಿ ಎಂದರು. ಪಕ್ಕದ ಮನೆಯವರು ಪಾರಿವಾಳದ ರಕ್ತ ಹಚ್ಚಲು ಹೇಳಿದರು. ಎಲ್ಲರ ಬಳಿಯೂ ಉಪದೇಶ ಇತ್ತು, ಯಾರ ಬಳಿಯೂ ಅಳತೆ ಇರಲಿಲ್ಲ. ಸಕ್ಕರೆಗೆ ಚಮಚ ಇದೆ, ಜ್ವರಕ್ಕೆ ಥರ್ಮಾಮೀಟರ್ ಇದೆ. ನನ್ನ ನಾಳ ಒಡೆಯದೆ, ಕಟ್ಟಿಕೊಳ್ಳದೆ ಉಳಿಯಲು ನಾನು ಎಷ್ಟು ದುಡಿಯಬೇಕು ಎನ್ನುವುದಕ್ಕೆ ಒಂದು ಹಾಡು.

ಸುಮಿತ್ರೆ ಸೊಸೈಟಿಯಲ್ಲಿ ಗುಮಾಸ್ತೆ. ಅವಳ ರಜೆ ಮುಗಿಯಿತು. ಹಗಲು ಮನೆಯಲ್ಲಿ ನನ್ನನ್ನು ನೋಡಿಕೊಳ್ಳುವವರಿಲ್ಲವೆಂದು, ಮಳೆಗಾಲ ಕಳೆದ ಮೇಲೆ ನನ್ನನ್ನು ಕುಮಟೆಯ ಹತ್ತಿರ ಬಾಡದಲ್ಲಿರುವ ಅಕ್ಕನ ಮನೆಗೆ ಕಳಿಸಿದರು. ಕಳಿಸಿದರು ಎನ್ನುವುದೇ ಸರಿ. ಪಾರ್ಸಲ್ ಕಳಿಸಿದ ಹಾಗೆ. ನಾನು ಹುಟ್ಟಿದ್ದು ಅದೇ ಊರಿನಲ್ಲಿ. ಆದರೆ ಚಿಕ್ಕಂದಿನಲ್ಲೇ ಅಪ್ಪ ಮೀನಿನ ಕೆಲಸ ಬಿಟ್ಟು ಭಟ್ಕಳದಲ್ಲಿ ನೌಕರಿ ಹಿಡಿದಿದ್ದರಿಂದ ಆ ಊರಿನ ರೀತಿ ರಿವಾಜು ನನಗೆ ಅರ್ಧಂಬರ್ಧ ಗೊತ್ತು. ಈ ಅರ್ಧ ಜ್ಞಾನವೇ ಮುಂದೆ ನನಗೆ ಕೈಕೊಟ್ಟದ್ದು.

ಅಕ್ಕನಿಗೆ ಗೊತ್ತಿದ್ದುದು ಒಂದೇ ಮಂತ್ರ. "ಹಗೂರ ತಮಾ, ಹಗೂರ." ಎದ್ದರೆ ಹಗೂರ, ಕೂತರೆ ಹಗೂರ. ಅನ್ನ ನುಂಗುವಾಗಲೂ ಹಗೂರ. ಒಂದು ದಿನ ತಡೆಯಲಾರದೆ ಊಟದ ತಟ್ಟೆಯನ್ನು ದೂಡಿದೆ. ದೂಡಿದ್ದು ಬಲಗೈ. ಅಕ್ಕ ಚೆಲ್ಲಿದ ಅನ್ನವನ್ನು ನೋಡಲಿಲ್ಲ, ನನ್ನ ಕೈ ನೋಡಿದಳು. "ಅಯ್ಯ, ಕೈ ಬಂತಲಾ," ಎಂದಳು. ನಾನು ಅಂದು ಊಟ ಮಾಡಲಿಲ್ಲ ಎಂದು ನೆನಪು. ಮಾಡಿದೆ ಎಂದು ಅಕ್ಕ ಹೇಳುತ್ತಾಳೆ.

ಅಕ್ಕನ ಗಂಡ ಜಟ್ಟಪ್ಪ ಬಾವ ಒಂದು ಸಣ್ಣ ಬಲೆಯ ತಂಡೇಲ. ಎಂದರೆ ಬಲೆ ಬಿಡುವುದು, ಎಳೆಯುವುದು, ಪಾಲು ಹಂಚುವುದು ಅವರ ಮಾತಿನಂತೆ. ಊರಿಗೆ ಊರೇ ಸೇರಿ ಎಳೆಯುತ್ತಿದ್ದ ಹಳೆಯ ದೊಡ್ಡ ರಂಪಣಿ ಬಲೆಗಳು ಹೋಗಿ ಆಗಲೇ ಬಹಳ ಕಾಲವಾಗಿತ್ತು. ಇದು ಅದರ ಮರಿ. ದೋಣಿಯಲ್ಲಿ ಬಲೆ ಒಯ್ದು ಅರ್ಧಚಂದ್ರದಂತೆ ಬಿಟ್ಟು ಬರುತ್ತಾರೆ. ಆಮೇಲೆ ಎರಡೂ ತುದಿಯ ಹಗ್ಗ ಹಿಡಿದು ದಂಡೆಯಿಂದ ಎಳೆಯುತ್ತಾರೆ. ಸೊಂಟಕ್ಕೆ ಕಟ್ಟಿದ ತುಂಡು ಹಗ್ಗವನ್ನು ದೊಡ್ಡ ಹಗ್ಗಕ್ಕೆ ಸುತ್ತಿ, ಮೈಯನ್ನೇ ಹಿಂದಕ್ಕೆ ಚೆಲ್ಲಿ, ಹಿಂದೆ ಹಿಂದೆ ನಡೆಯುವುದು. ಹಗ್ಗದ ಹಿಂದಿನ ತುದಿಗೆ ಬಂದವನು ಬಿಚ್ಚಿಕೊಂಡು ಮತ್ತೆ ನೀರಿನ ಅಂಚಿಗೆ ಹೋಗಿ ಮುಂದಿನಿಂದ ಹಿಡಿಯುವುದು. ಹಗ್ಗಕ್ಕೆ ಕೈ ಹಚ್ಚಿದವನಿಗೆ ಪಾಲುಂಟು, ಅವನು ಯಾವ ಊರಿನವನಾದರೂ.

ದಂಡೆಯಲ್ಲಿ ಕೂತು ಅದನ್ನು ನೋಡುತ್ತಿದ್ದವನಿಗೆ ಒಂದು ಬೆಳಿಗ್ಗೆ ಅನಿಸಿತು: ನನಗೆ ಬೇಕಾದ ಅಳತೆ ಇಲ್ಲಿದೆ. ಎಳೆದರೆ ಬಲೆ ಬರುತ್ತದೆ, ಎಳೆಯದಿದ್ದರೆ ಬರುವುದಿಲ್ಲ.

ನಾನು ಕೇಳಿದಾಗ ಬಾವ ಬೇಡ ಎನ್ನಲಿಲ್ಲ. ಅದೇ ನನ್ನನ್ನು ಎಚ್ಚರಿಸಬೇಕಿತ್ತು. ಮರುದಿನ, "ಬಾ ಮಾಸ್ತರಾ. ತುದೀಲಿ ಹಿಡಿ. ನೀರ್ ಬದಿಗೆ ಹೋಗ್ಬೇಡ, ಅಲ್ಲಿ ಜಾರ್ತದೆ," ಎಂದರು.

ತುದಿಯಲ್ಲಿ ಹಿಡಿದೆ. ಸೊಂಟಕ್ಕೆ ಹಗ್ಗ, ಎಡಗೈ ಬಿಗಿ, ಬಲಗೈ ಇದ್ದ ಹಾಗೆ. ಮರಳಿನಲ್ಲಿ ಹಿಂದಕ್ಕೆ ಹೆಜ್ಜೆ ಇಡುವುದೆಂದರೆ ಎಳೆಯುವ ಬಲಗಾಲಿಗೆ ಒಂದು ಗುಡ್ಡ ಹತ್ತಿದ ಹಾಗೆ. ಬೆವರು ಕಣ್ಣಿಗಿಳಿಯಿತು. ಎದೆ ಬಡಿದುಕೊಂಡಿತು. ಹಾಡುವುದಿರಲಿ, ಬಯ್ಯಲೂ ಉಸಿರಿರಲಿಲ್ಲ. ಆ ಭಯ ಸುಳ್ಳಲ್ಲ. ಕುತ್ತಿಗೆಯ ಎಡಬದಿಯಲ್ಲಿ ಏನೋ ತಟತಟ ಎನ್ನುತ್ತಿತ್ತು, ಈಗ ಒಡೆಯುತ್ತದೆ, ಈಗ, ಎಂದುಕೊಳ್ಳುತ್ತಲೇ ಹಿಂದಕ್ಕೆ ವಾಲುತ್ತಿದ್ದೆ. ಬಲೆಯ ಹೊಟ್ಟೆ ದಂಡೆಗೆ ಬಂದಾಗ ಅದರೊಳಗೆ ತಾರ್ಲೆ ಮೀನು ಮಿಣಮಿಣ ಎನ್ನುತ್ತಿತ್ತು. ನಾನೂ ಎಳೆದದ್ದು ಎಂದುಕೊಂಡೆ. ಲಕ್ವ ಹೊಡೆದ ಮೇಲೆ ಮೊದಲ ಬಾರಿ "ನಾನೂ" ಎಂದುಕೊಂಡದ್ದು.

ಪಾಲು ಹಾಕುವ ಮೊದಲು ಬಾವ ಒಂದು ಸಣ್ಣ ರಾಶಿಯನ್ನು ಬೇರೆ ತೆಗೆದು, ಅದರಿಂದ ಒಂದು ಬುಟ್ಟಿ ತುಂಬಿ ಮೊದಲು ನನಗೇ ಕೊಟ್ಟರು. ಉಳಿದವರಿಗೆಲ್ಲ ಆಮೇಲೆ. ಮಾಸ್ತರನಿಗೆ ಮರ್ಯಾದೆ ಎಂದು ತಿಳಿದುಕೊಂಡೆ. ದಿನವೂ ಹೋದೆ, ದಿನವೂ ಮೊದಲ ಬುಟ್ಟಿ. ಶಿರಾಲಿಗೆ ಫೋನು ಮಾಡಿ ಸುಮಿತ್ರೆಗೆ ತೊದಲುತ್ತಾ ಹೇಳಿದೆ: "ಎಳೀತೆ. ಜೋ... ಜೋರಾಗಿ." ಅವಳು, "ಹೌದಾ? ಆತು, ಎಳೀರಿ," ಎಂದಳು. ಅಷ್ಟು ಸುಲಭವಾಗಿ ಒಪ್ಪಿದ್ದೂ ನನ್ನನ್ನು ಎಚ್ಚರಿಸಬೇಕಿತ್ತು.

ಎಷ್ಟು ವಾರ ಹೀಗೆ ಕಳೆಯಿತೋ. ಹಂಗಾಮಿನ ನಡುವೆ ಇರಬೇಕು. ಒಂದು ದಿನ ಹೊನ್ನಪ್ಪ ಎಂಬ ಎಳೆಯುವವನೊಬ್ಬ ಕಾಲಿಗೆ ಮುಳ್ಳು ಹೆಟ್ಟಿ ಎಳೆಯದೆ ಕೂತಿದ್ದ. ಬಾವ ಅವನಿಗೂ ಆ ಸಣ್ಣ ರಾಶಿಯಿಂದ ಮೀನು ಕೊಡಲು ಹೋದರು. ಅವನು ಹಾರಿ ಎದ್ದ.

"ನಂಗೆಂತಕೆ ಅದು? ನಾ ಎಂತ ಮಾಸ್ತರ್ರಾ?"

ಎಲ್ಲರೂ ನಕ್ಕರು. ನಕ್ಕವರು ನನ್ನನ್ನು ನೋಡಿ ಒಬ್ಬೊಬ್ಬರಾಗಿ ನಿಲ್ಲಿಸಿದರು.

"ಎಂ... ಎಂತ ಅದು?" ಎಂದೆ.

ಕೊನೆಗೆ ಹೊನ್ನಪ್ಪನೇ, "ತಪ್ಪು ತಿಳ್ಕಣ್ಬೇಡಿ ಮಾಸ್ತರ್ರೆ. ಅದು ಕೈಲಾಗ್ದವರ ಪಾಲು. ಗಂಡ ಸತ್ತವರಿಗೆ, ಮುದುಕರಿಗೆ ಮೊದ್ಲು ತೆಗ್ದಿಡೂದು. ಹಿಂದಿಂದ ಬಂದ ಪದ್ಧತಿ," ಎಂದ.

"ನಾ ಎ... ಎಳೀತೆ."

"ಹಿಡ್ಕಂತ್ರಿ," ಎಂದ ಅವನು, ಮೆತ್ತಗೆ. "ತುದೀಲಿ ಎಂತ ಭಾರ ಇರ್ತದೆ? ಮುಂದಿದ್ದವರು ಎಳೆದ ಮೇಲೆ ಉಳಿದ ಸಡ್ಲು ಹಗ್ಗ ಅದು. ಅಲ್ಲಿ ಯಾವಾಗ್ಲೂ ಹಗ್ಗ ಸುತ್ತೂಕೆ ಒಬ್ಬ ಮುದುಕ ನಿಲ್ಲೂದು."

ಈ ಸಂಭಾಷಣೆ ಇಷ್ಟು ನೇರವಾಗಿ ನಡೆದಿರಲಾರದು. ನನ್ನ ಒಂದು ಶಬ್ದಕ್ಕೆ ಆಗ ಅರ್ಧ ನಿಮಿಷ ಬೇಕಿತ್ತು. ಆದರೆ ಬುಟ್ಟಿಯನ್ನು ನಾನು ಬೋರಲು ಹಾಕಿದ್ದು ನಿಜ, ಬಂಗಡೆಗಳು ಮರಳಿನಲ್ಲಿ ಹೊರಳಿದ್ದು ನಿಜ. ಅವನ್ನು ಕಾಗೆಗಳು ಒಯ್ದವೋ ಅಕ್ಕ ಆರಿಸಿ ತಂದು ತೊಳೆದು ಸಾರು ಮಾಡಿದಳೋ, ಅದು ಗೊತ್ತಿಲ್ಲ. ಅಂದು ಮನೆಯಲ್ಲಿ ಬಂಗಡೆ ಸಾರು ಇತ್ತು.

ಬಾವನನ್ನು ಹಿಡಿದು ಕೇಳಿದೆ. ಬಾವ ಬೀಡಿ ಹಚ್ಚಿಕೊಂಡು, "ನೀ ಕೇಳಿದ ದಿನವೇ ನಿನ್ ಹೆಂಡ್ತಿಗೆ ಫೋನ್ ಮಾಡಿದ್ದೆ. ಅವ್ರಿಗೆ ಆಸೆ ಅದೆ, ಹಗ್ಗ ಕೊಡಿ, ಭಾರ ಕೊಡ್ಬೇಡಿ ಅಂದ್ಳು. ನಾ ಎಂತ ಮಾಡೂದು ಹೇಳು?" ಎಂದರು.

ಹಗ್ಗ ಕೊಡಿ, ಭಾರ ಕೊಡಬೇಡಿ. ಈ ಮಾತನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಪ್ರೀತಿಯಿಂದ ಹೇಳಿದ್ದು ಎಂದು ಗೊತ್ತಿದೆ, ಅದಕ್ಕೇ ಕ್ಷಮಿಸುವುದು ಕಷ್ಟ. ದ್ವೇಷದಿಂದ ಮೋಸ ಮಾಡಿದವರನ್ನು ಎದುರಿಸಬಹುದು. ಮಕ್ಕಳ ಕೈಗೆ ಆಟದ ಸ್ಟೇರಿಂಗ್ ಕೊಟ್ಟು ಡ್ರೈವರ್ ಎಂದು ಕರೆದ ಹಾಗೆ ನನ್ನ ಕೈಗೆ ಒಂದು ಸಡಿಲ ಹಗ್ಗ ಕೊಟ್ಟು ಇಡೀ ದಂಡೆ ನಾಟಕ ಆಡಿತ್ತು. ಬದುಕಿ ಉಳಿದವನ ಮೈ ಅವನದಲ್ಲ, ಉಳಿಸಿದವರದು. ಅವರು ಅದನ್ನು ಹತ್ತಿಯಲ್ಲಿ ಸುತ್ತಿ ಇಡುತ್ತಾರೆ.

ಮುಂದಿನ ಭಾನುವಾರ ಸುಮಿತ್ರೆ ರೈಲಿನಲ್ಲಿ ಕುಮಟೆಗೆ ಬಂದು, ಅಲ್ಲಿಂದ ಬಾಡಕ್ಕೆ ಬಂದಳು. ನಾನು ಅವಳ ಹತ್ತಿರ ಮಾತಾಡಲಿಲ್ಲ. ಬಲೆ ಬಿಟ್ಟಿದ್ದರು. ತುದಿಗೆ ಹೋಗದೆ ನೇರವಾಗಿ ನೀರಿನ ಅಂಚಿಗೆ ಇಳಿದು, ಎಲ್ಲರಿಗಿಂತ ಮುಂದೆ ನಿಂತು ಹಗ್ಗಕ್ಕೆ ನನ್ನ ತುಂಡು ಸುತ್ತಿದೆ.

ಬಾವ ಕೂಗಿದರು. "ಮಾಸ್ತರಾ, ಹಿಂದೆ ಬಾ."

"ಇಲ್ಲ."

"ಬರ್ದಿದ್ರೆ ನಾವು ಹಗ್ಗ ಬಿಡ್ತೇವೆ ನೋಡು."

"ಬಿ... ಬಿಡಿ."

ಬಿಟ್ಟರೆ ಆ ದಿನದ ಮೀನು ಹೋಯಿತು. ಎಲ್ಲರೂ ಹಗ್ಗ ಹಿಡಿದು ನಿಂತೇ ಇದ್ದರು. ಬಾವ ದಂಡೆಯ ಮೇಲಿದ್ದ ಸುಮಿತ್ರೆಯ ಕಡೆ ತಿರುಗಿದರು. ಮತ್ತೆ ಅದೇ. ನನ್ನ ಬಗ್ಗೆ ಅವಳ ಅಪ್ಪಣೆ. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ನೀರಿನ ತನಕ ಬಂದಳು. ನನ್ನ ಮುಖವನ್ನು ನೋಡಿದಳು. ಎಷ್ಟೋ ತಿಂಗಳ ಮೇಲೆ, ಮಾತ್ರೆ ನುಂಗಿದೆನೋ ಇಲ್ಲವೋ ಎಂದು ನೋಡುವಂತೆ ಅಲ್ಲದೆ, ಬೇರೆ ತರಹ.

"ಬೀಳೂದಾದ್ರೆ ಬೀಳಿ," ಎಂದಳು. "ನಾ ಎತ್ತೂಕೆ ಬರೂದಿಲ್ಲ. ಎತ್ತಿ ಎತ್ತಿ ನನ್ ಸೊಂಟ ಹೋಗ್ಯದೆ."

ಹಿಂದಿನಿಂದ ಹೊನ್ನಪ್ಪ, "ಆತಲಾ, ಹೈಕಮಾಂಡ್ ಹೇಳಾತು. ಎಳೀರಿ," ಎಂದ.

ಎಳೆದೆವು. ಹಗ್ಗ ಬಿಗಿಯಾಗಿತ್ತು, ಸಮುದ್ರ ಅದರ ಆ ತುದಿಯನ್ನು ಹಿಡಿದುಕೊಂಡು ನನ್ನನ್ನು ಕರೆಯುತ್ತಿತ್ತು. ಬಿದ್ದೆ. ಸುಮಿತ್ರೆ ಹೇಳಿದಂತೆಯೇ ಎತ್ತಲು ಬರಲಿಲ್ಲ. ಅವಳು ಚಪ್ಪಲಿಗಳನ್ನು ಎದೆಗೆ ಒತ್ತಿ ಹಿಡಿದು ನಿಂತದ್ದನ್ನು ಮರಳಿನಿಂದಲೇ ಕಂಡೆ. ಎದ್ದೆ, ಎಳೆದೆ, ಮತ್ತೆ ಬಿದ್ದೆ. ಅಂದು ನನಗೆ ಪಾಲು ಸಿಕ್ಕಿದ್ದು ಎಲ್ಲರ ಜೊತೆ, ದೊಡ್ಡ ರಾಶಿಯಿಂದ. ಕೈಲಾಗದವರ ಬುಟ್ಟಿಯ ಅರ್ಧವೂ ಇರಲಿಲ್ಲ, ಅದರಲ್ಲೂ ಬರೇ ಶೆಟ್ಲಿ, ಸಣ್ಣ ಸಿಗಡಿ. ಕೈಲಾದವರ ಗತಿ ಇಷ್ಟೇ ಎಂದು ಅವತ್ತು ಗೊತ್ತಾಯಿತು. ಅದನ್ನು ಹಿಡಿದು ಮನೆಗೆ ಬರುವಾಗ ನಾನು ನಗುತ್ತಿದ್ದೆ ಎಂದು ಸುಮಿತ್ರೆ ಹೇಳುತ್ತಾಳೆ. ಮುಖದ ಒಂದು ಬದಿ ಮಾತ್ರ ನಗುತ್ತಿದ್ದ ಕಾಲ ಅದು. ಅವಳು ಯಾವ ಬದಿಯನ್ನು ನೋಡಿದಳೋ.

ಹಂಗಾಮು ಮುಗಿಯುವ ತನಕ ಎಳೆದೆ. ಇದನ್ನು ಓದಿ ಯಾರೂ ಹಗ್ಗ ಹುಡುಕಿಕೊಂಡು ದಂಡೆಗೆ ಹೋಗಬೇಡಿ. ನಿಮ್ಮ ನಾಳ ನನ್ನ ನಾಳವಲ್ಲ. ನಾನು ಹೋಗಿದ್ದು ತಿಳಿವಳಿಕೆಯಿಂದಲ್ಲ, ಸಿಟ್ಟಿನಿಂದ. ಹೊನ್ನಾವರದ ಡಾಕ್ಟರಿಗೆ ವಿಷಯ ಗೊತ್ತಾದಾಗ ಅವರ ಮುಖ ಕೆಂಪಾಯಿತು. "ಉಸಿರು ಕಟ್ಟಿ ಎಳೀತೀರಾ? ತಲೇಲಿ ಇನ್ನೊಂದು ನಾಳ ಹೋಗಿದ್ರೆ?" ಎಂದು ಬೈದರು. ನೇರವಾಗಿ ನನಗೇ ಬೈದರು, ಸುಮಿತ್ರೆಗಲ್ಲ. ಅದಕ್ಕೆ ಅವರ ಋಣ ನನ್ನ ಮೇಲಿದೆ. ಉಸಿರು ಬಿಡುತ್ತಾ ಎಳೆಯುವುದನ್ನು ಕುರ್ಚಿಯಿಂದೆದ್ದು ಮೇಜಿನ ಅಂಚು ಹಿಡಿದು ಮಾಡಿ ತೋರಿಸಿದರು.

ಮರುವರ್ಷ ಕುತ್ತಿಗೆಯ ನಾಳವನ್ನು ಮತ್ತೆ ಯಂತ್ರ ಇಟ್ಟು ನೋಡಿದರು. ವರದಿ ಓದಿದ ಹೊನ್ನಾವರದ ಡಾಕ್ಟರು ಕನ್ನಡಕ ತೆಗೆದರು.

"ಜಿಡ್ಡು ಬೆಳೆದಿಲ್ಲ. ನಾಳ ಮೊದಲಿಗಿಂತ ಮೆತ್ತಗಾದ ಹಾಗೆ ಕಾಣ್ತದೆ. ಹಗ್ಗ ಎಷ್ಟು ಜೋರಾಗಿ ಎಳೀತಿದ್ರಿ ಮಾಸ್ತರ್ರೆ? ಸರಿಯಾಗಿ ಹೇಳಿ, ನನಗೂ ಬೇಕು ಅದು. ಜೋರಾ, ಮಧ್ಯಮವಾ, ಹಗುರವಾ?"

ಮಾತು ಅಷ್ಟರಲ್ಲಿ ಮುಕ್ಕಾಲು ಪಾಲು ಮರಳಿತ್ತು. ಆದರೂ ಬಾಯಿ ಬಿಡುವ ಮೊದಲು ಬೆರಳು ಮಡಚಿ ಎಣಿಸತೊಡಗಿದೆ. ತುದಿಯಲ್ಲಿ ಸಡಿಲ ಹಗ್ಗ ಹಿಡಿದಿದ್ದ ವಾರಗಳನ್ನು ಯಾವ ಸಾಲಿಗೆ ಸೇರಿಸಲಿ? ಅಂದೂ ಬೆವರು ಬಂದಿತ್ತು, ಎದೆ ಬಡಿದಿತ್ತು. ಡಾಕ್ಟರು ಕಾದು ನೋಡಿ, "ಮಧ್ಯಮ ಅಂತ ಬರ್ಕೊಳ್ತೇನೆ," ಎಂದರು. ಆ ಶಬ್ದಕ್ಕೆ ಇವತ್ತಿಗೂ ಮೈ ಉರಿಯುತ್ತದೆ. ನನ್ನ ಬದುಕಿನಲ್ಲಿ ಮಧ್ಯಮ ಎನ್ನಬಹುದಾದದ್ದು ಆ ವರ್ಷ ಏನೂ ನಡೆದಿರಲಿಲ್ಲ.

ಆಮೇಲೆ ಒಮ್ಮೆ ಬಾಡಕ್ಕೆ ಹೋದಾಗ ಬಾವನನ್ನು ಕೇಳಿದೆ. "ಆ ಭಾನುವಾರದ ನಂತರ ನನ್ನ ಹಿಂದೆ ಯಾವಾಗಲೂ ಹೊನ್ನಪ್ಪನನ್ನೇ ನಿಲ್ಲಿಸ್ತಿದ್ರಿ. ಯಾಕೆ?"

"ಅವ ಅಲ್ಲೇ ನಿಲ್ಲೂದು."

"ಮೊದಲು ನಿಲ್ತಿರ್ಲಿಲ್ಲ."

ಬಾವ ಸಮುದ್ರದ ಕಡೆ ನೋಡಿದರು. "ಎಳದ್ಯಲಾ ಮಾರಾಯಾ. ಬಲೆ ಬಂತಲಾ. ಈಗೆಂತಕೆ ಅದೆಲ್ಲ? ಚಾ ಕುಡಿ."

ಹೊನ್ನಪ್ಪ ಆ ದಂಡೆಯಲ್ಲೇ ಬಲಶಾಲಿ. ಹಗ್ಗ ನನ್ನ ಮುಂದೆ ಬಿಗಿಯಾಗಿತ್ತು, ನಿಜ. ಆದರೆ ಅದನ್ನು ಬಿಗಿಯಾಗಿ ಹಿಡಿದದ್ದು ನಾನೋ ನನ್ನ ಬೆನ್ನ ಹಿಂದಿದ್ದ ಅವನೋ ನನಗೆ ಗೊತ್ತಿಲ್ಲ. ನಾಳವನ್ನು ಮೆತ್ತಗೆ ಮಾಡಿದ್ದು ಜೋರಿನ ಎಳೆತವೋ ಸಡಿಲ ಹಗ್ಗದ ನಡಿಗೆಯೋ ಮಾತ್ರೆಗಳೋ ಸುಮಿತ್ರೆ ಕಡಿಮೆ ಮಾಡಿದ ಉಪ್ಪೋ, ಅದೂ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ ಎಂದು ಅವರೇ ಹೇಳಿದರು. ಬದುಕಿದ್ದೇನೆ. ಎಷ್ಟು ಎಳೆದೆ ಎಂದು ಕೇಳಿದವರಿಗೆ, ಹೊನ್ನಪ್ಪನನ್ನು ಕೇಳಿ ಎನ್ನುತ್ತೇನೆ.